ಆಗ್ನೇಯದ ಬಾಲ

ಆ ತುಂಡು ನೆಲವನ್ನು ಕ್ರಯಪತ್ರದಿಂದ ಕೈಬಿಡೋಣ ಎಂದವಳು ನಾನು. ವಾಸ್ತು ಹೇಳುವ ಸಿದ್ಧಾಂತಿಯಲ್ಲ, ಸೈಟು ಕೊಂಡಾಕೆಯಲ್ಲ, ಮಾರಿದ ಟೀಚರಮ್ಮನೂ ಅಲ್ಲ. ಈ ಮಾತನ್ನು ಯಾರೆದುರೂ ಬಾಯಿಬಿಡದೆ ಹಲವು ವಾರ ಓಡಾಡಿದ್ದೇನೆ. ಆದ್ದರಿಂದ ಇಲ್ಲಿ ಮೊದಲಿಗೇ ಬರೆದುಬಿಡುತ್ತೇನೆ.

ವಿಶಾಖಪಟ್ಟಣದಲ್ಲಿ ಮನೆ ಕಟ್ಟುವವರಿಗೆ ನಕ್ಷೆ ಬರೆದು, ನಗರಪಾಲಿಕೆಗೆ ಸಲ್ಲಿಸಿ, ಅನುಮತಿ ತಂದುಕೊಡುವುದು ನನ್ನ ಕಸುಬು. ಇದಕ್ಕೆ ಲೈಸೆನ್ಸ್ ಬೇಕು. ಲೈಸೆನ್ಸ್ ಇದ್ದವರ ಸಹಿ, ಸೀಲು ಬೀಳದ ನಕ್ಷೆಯನ್ನು ಯಾರೂ ಮುಟ್ಟುವುದಿಲ್ಲ. ಸೈಟು ಕೊಳ್ಳುವ ಮೊದಲು ಕಾಗದಪತ್ರ ತೋರಿಸಲೂ ಜನ ಬರುತ್ತಾರೆ. ನಾನು ಗದಗ ಕಡೆಯಿಂದ ತೆಲುಗರ ಮನೆಗೆ ಸೊಸೆಯಾಗಿ ಬಂದವಳು. ಹಾಗಾಗಿ ನೌಕಾಪಡೆಯ ಕನ್ನಡದ ಕುಟುಂಬಗಳಿಗೆ ನನ್ನ ಫೋನ್ ನಂಬರು ಬಾಯಿಂದ ಬಾಯಿಗೆ ತಲುಪಿತ್ತು. ಈಕೆಯೂ ಹಾಗೇ ಬಂದಳು. ಮುದ್ದೇಬಿಹಾಳದ ಕಡೆಯಾಕೆ, ಗಂಡ ಹಡಗಿನ ಮೇಲೆ. ಅವನ ಸೇವೆ ಮುಗಿಯಲು ಒಂದೂಕಾಲು ವರ್ಷ ಉಳಿದಿತ್ತು. ಮುಗಿದ ಕೂಡಲೇ ಕ್ವಾರ್ಟರ್ಸ್ ಬಿಡಬೇಕು. ಮಕ್ಕಳ ಶಾಲೆ ಇಲ್ಲಿ, ಈಕೆ ರವಿಕೆ ಹೊಲಿದುಕೊಡುವ ಗಿರಾಕಿಗಳು ಇಲ್ಲಿ. ಊರಿಗೆ ವಾಪಸು ಹೋಗುವುದಿಲ್ಲ, ಇಲ್ಲೇ ಮನೆ ಕಟ್ಟುವುದು ಎಂದು ಗಂಡ ಹೆಂಡತಿ ಸೇರಿ ತೀರ್ಮಾನಿಸಿ, ಕೈಯಲ್ಲಿದ್ದುದನ್ನೆಲ್ಲ ಒಟ್ಟುಹಾಕಿ ಒಂದು ಸೈಟು ನೋಡಿದ್ದರು.

ಸೈಟು ಭೀಮುನಿಪಟ್ಟಣದ ಹಳೆಯ ಭಾಗದಲ್ಲಿತ್ತು. ಪಶ್ಚಿಮಕ್ಕೆ ಗುಡ್ಡ, ಪೂರ್ವಕ್ಕೆ ಸಮುದ್ರ. ಅಲ್ಲಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಡಚ್ಚರ ಕಾಲದ ಗೋರಿಗಳು. ಇಳಿಜಾರಿನಲ್ಲಿ ಯಾವ ಕಾಲದ್ದೋ ಕಲ್ಲಿನ ತಡೆಗೋಡೆ ಕಟ್ಟಿ ಮಟ್ಟಮಾಡಿದ ಜಾಗ. ನಿವೃತ್ತ ಶಾಲಾ ಶಿಕ್ಷಕಿಯೊಬ್ಬರಿಗೆ ಅದು ತಂದೆಯಿಂದ ಬಂದಿತ್ತು. ಅವರು ವಿಜಯವಾಡದಲ್ಲಿ ತಂಗಿಯ ಜೊತೆ ಇರಲು ಹೊರಟಿದ್ದರು. ಊರವರೆಲ್ಲ ಟೀಚರಮ್ಮ ಎನ್ನುತ್ತಿದ್ದರು, ನಾವೂ ಹಾಗೇ ಅಂದೆವು.

ಜಾಗ ಚೊಕ್ಕವಾಗಿತ್ತು, ಒಂದು ಬಾಲವನ್ನು ಬಿಟ್ಟರೆ. ಮೂವತ್ತಾರು ಅಡಿಗೆ ಐವತ್ತು ಅಡಿ, ಸರಿಯಾಗಿ ಇನ್ನೂರು ಚದರ ಗಜ. ಅದರ ಆಗ್ನೇಯ ಮೂಲೆಯಿಂದ ದಕ್ಷಿಣಕ್ಕೆ ಹನ್ನೆರಡು ಅಡಿ ಅಗಲ, ಇಪ್ಪತ್ತಡಿ ಉದ್ದದ ಪಟ್ಟಿಯೊಂದು ಕೆಳಗಿನ ಓಣಿಯವರೆಗೆ ಚಾಚಿಕೊಂಡಿತ್ತು. ಅದರಲ್ಲಿ ಮುಳ್ಳುಗಿಡ ಬೆಳೆದು, ಒಡೆದ ಹೆಂಚು ಬಿದ್ದಿದ್ದವು. ಆಂಧ್ರದಲ್ಲಿ ವಾಸ್ತು ನೋಡದೆ ಕೋಳಿಗೂಡನ್ನೂ ಕಟ್ಟುವುದಿಲ್ಲ. ನನಗೆ ಅದರಲ್ಲಿ ನಂಬಿಕೆಯಿಲ್ಲ, ಆದರೆ ಗಿರಾಕಿಗಳ ನಂಬಿಕೆಯ ಮೇಲೇ ನನ್ನ ಊಟ. ದಿಕ್ಸೂಚಿ ಹಿಡಿದ ಸಿದ್ಧಾಂತಿಯನ್ನು ಕರೆಸಿದೆವು. ಅವರು ನಾಲ್ಕೂ ಮೂಲೆ ಸುತ್ತಿ, ಬಾಲದ ಹತ್ತಿರ ನಿಂತು ತಲೆಯಾಡಿಸಿದರು.

"ಆಗ್ನೇಯ ದಕ್ಷಿಣಕ್ಕೆ ಬೆಳೆದಿದೆ ತಲ್ಲೀ. ಮನೆಯ ಹೆಣ್ಣುಮಗಳಿಗೆ ಒಳ್ಳೆಯದಲ್ಲ. ಇದನ್ನು ಬೇರೆ ಮಾಡಿ ಕಟ್ಟಿ. ನಡುವೆ ಒಂದು ಮೋಟುಗೋಡೆ ಹಾಕಿದರೂ ಸಾಕು." ಚಪ್ಪಲಿಗೆ ಹತ್ತಿದ ಮುಳ್ಳು ಕೀಳುತ್ತಾ ಇನ್ನೊಂದು ಮಾತೂ ಸೇರಿಸಿದರು. "ಇದೇ ಜಾಗ ಬೀದಿಯಾಗಿದ್ದರೆ ಬಹಳ ಮೇಲಾಗಿತ್ತು. ಆ ದಿಕ್ಕಿನ ಬೀದಿ ಶುಭ. ಏನು ಮಾಡುವುದು, ಇದು ಸೈಟು."

ನಾನು ಆ ಎರಡನೆಯ ಮಾತನ್ನು ಕೇಳಿಸಿಕೊಂಡೆ, ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಮೊದಲನೆಯದನ್ನು ಮಾತ್ರ ಹಿಡಿದೆ. ನನ್ನ ಕಂಪ್ಯೂಟರಿನಲ್ಲಿ ಬೇರೆಯವರಿಗೆಂದು ಬರೆದ ಮೂವತ್ತಾರು–ಐವತ್ತರ ನಕ್ಷೆಯೊಂದು ಸಿದ್ಧವಿತ್ತು. ಬಾಲ ಸೇರಿದರೆ ನಕ್ಷೆಯನ್ನು ಮೊದಲಿನಿಂದ ಎಳೆಯಬೇಕು, ಕಳೆದರೆ ಹೆಸರು ಬದಲಿಸಿದರೆ ಆಯಿತು. ಮೋಟುಗೋಡೆಯ ಗೊಡವೆಯೇ ಬೇಡ, ಬಾಲವನ್ನು ಟೀಚರಮ್ಮನ ಹೆಸರಿನಲ್ಲೇ ಬಿಟ್ಟು ಆಯತವನ್ನಷ್ಟೇ ಬರೆಸಿಕೊಳ್ಳಿ ಎಂದೆ. ಈ ಕಡೆ ಅದು ಹೊಸದೇನಲ್ಲ. ದೋಷದ ಮೂಲೆಯನ್ನು ಹಾಗೆ ಬಿಟ್ಟುಕೊಡುವವರು ಬೇಕಾದಷ್ಟು ಜನ ಇದ್ದಾರೆ, ಆಮೇಲೆ ಆ ಚೂರುಗಳನ್ನು ಯಾರೂ ವಿಚಾರಿಸುವುದಿಲ್ಲ.

ದಾರಿಯ ಬಗ್ಗೆ ನನಗೆ ಚಿಂತೆಯಿರಲಿಲ್ಲ. ಟೀಚರಮ್ಮನ ತಂದೆಯ ಹಳೆಯ ಪತ್ರದ ಚಕ್ಕುಬಂದಿಯಲ್ಲಿ ಉತ್ತರಕ್ಕೆ ದಾರಿ ಎಂದು ಬರೆದಿತ್ತು. ನಾನು ನೋಡಿದಾಗ ಮೀನಿನ ಬುಟ್ಟಿ ಹೊತ್ತ ಹೆಂಗಸರು ಆ ಕಡೆಯಿಂದಲೇ ಹೋಗುತ್ತಿದ್ದರು. ಪತ್ರವೂ ಕಣ್ಣೂ ಒಂದೇ ಹೇಳಿದವು, ನಂಬಿಬಿಟ್ಟೆ. ನಗರದ ಸರ್ವೆ ನಕ್ಷೆಯನ್ನು ತರಿಸಿ ಇದರ ಮೇಲೆ ಇಟ್ಟು ನೋಡಬೇಕಿತ್ತು. ಅದು ಅರ್ಧ ದಿನದ ಕೆಲಸ, ಆ ವಾರ ನನ್ನ ಕೈಯಲ್ಲಿ ಇನ್ನೂ ಮೂರು ರಿಜಿಸ್ಟ್ರೇಷನ್ ಇದ್ದವು. ಸೈಟು ಈಕೆಯ ಹೆಸರಿಗಾಯಿತು. ನಕ್ಷೆಯಲ್ಲಿ ಉತ್ತರಕ್ಕೆ ರಸ್ತೆ ಎಂದು ಬರೆದು, ಸಹಿ ಹಾಕಿ, ಸೀಲು ಒತ್ತಿ ಅರ್ಜಿ ಸಲ್ಲಿಸಿದೆ.

ಮೂರನೆಯ ವಾರ ಆಕೆಯ ಫೋನು ಬಂತು. "ಅಕ್ಕಾರ, ಇಲ್ಲಿ ಗ್ವಾಡಿ ಕಟ್ಟಾಕತ್ತಾರ್ರಿ. ದಾರಿ ತುಂಬ ಕಲ್ಲು ಹಾಕ್ಯಾರ. ನಾ ಎಲ್ಲಿಂದ ಒಳಗ ಹೋಗ್ಲಿ?"

ಹೋಗಿ ನೋಡಿದರೆ ಉತ್ತರದಲ್ಲಿ ಎದೆಯೆತ್ತರದ ಕಾಂಪೌಂಡು ಎದ್ದಿತ್ತು. ಉತ್ತರದ ಜಾಗದ ಮಾಲೀಕ ಅಲ್ಲಿ ಸಮುದ್ರ ಕಾಣುವ ರೂಮುಗಳ ರೆಸಾರ್ಟ್ ಕಟ್ಟಲಿದ್ದ. ಮನುಷ್ಯ ಮರ್ಯಾದಸ್ಥ, ಕುರ್ಚಿ ತರಿಸಿದ, ಎಳನೀರು ಕೊಡಿಸಿದ, ಕಾಗದ ತೋರಿಸಿದ. ಸರ್ವೆ ನಕ್ಷೆಯಲ್ಲಿ ದಾರಿಯೇ ಇರಲಿಲ್ಲ. ಅವನ ಹಿರಿಯರು ಜನರನ್ನು ಓಡಾಡಲು ಬಿಟ್ಟಿದ್ದರು, ಅಷ್ಟೇ. ನಾನು ಅಳತೆಯನ್ನು ಎರಡು ಸಲ ಹಿಡಿದೆ, ಗೋಡೆ ಒಂದು ಅಂಗುಲವೂ ಆಚೀಚೆಯಾಗಿರಲಿಲ್ಲ. ಪಶ್ಚಿಮದಲ್ಲಿ ಗುಡ್ಡದ ಬಂಡೆ, ಪೂರ್ವದಲ್ಲಿ ಕೆಳಗಿನ ಮನೆಯ ಹಿತ್ತಿಲು, ದಕ್ಷಿಣದಲ್ಲಿ ತಡೆಗೋಡೆ. ಇಡೀ ಸೈಟಿಗೆ ಊರಿನ ಓಣಿ ತಾಗುತ್ತಿದ್ದುದು ಒಂದೇ ಕಡೆ, ನಾನು ಕತ್ತರಿಸಿ ಬಿಟ್ಟ ಬಾಲದ ತುದಿಯಲ್ಲಿ.

ಪಕ್ಕದಲ್ಲಿ ಆಕೆ ನಿಂತಿದ್ದಳು, ನನ್ನ ಮುಖ ನೋಡುತ್ತಿದ್ದಳು. "ಸಿದ್ಧಾಂತಿ ಹಂಗ್ ಹೇಳಬಾರದಿತ್ತು, ಅಲ್ರೀ ಅಕ್ಕಾರ?" ಎಂದಳು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನೋಡೋಣ ಎಂದು ಟೇಪು ಸುತ್ತಿಕೊಂಡೆ.

ವಾರದೊಳಗೆ ಸ್ಥಳ ತನಿಖೆಯವರು ಬಂದು ಹೋದರು, ಅರ್ಜಿ ವಾಪಸಾಯಿತು. ನಕ್ಷೆಯಲ್ಲಿ ತೋರಿಸಿದ ರಸ್ತೆ ಸ್ಥಳದಲ್ಲಿ ಇಲ್ಲ, ವಿವರಣೆ ಕೊಡಿ ಎಂದು ನನಗೆ ನೋಟಿಸು. ಪರಿಚಯದ ವಕೀಲರು ಫೈಲು ನೋಡಿ ಸುಲಭದ ದಾರಿ ತೋರಿಸಿದರು. ಹಳೆಯ ಪತ್ರದಲ್ಲಿ ದಾರಿ ಎಂದಿದೆ, ಉತ್ತರದವನ ಮೇಲೆ ದಾವೆ ಹಾಕಿಸಿ, ದಾರಿ ಇತ್ತು, ಮುಚ್ಚಿದರು ಎಂದು ನೋಟಿಸಿಗೆ ಬರೆಯಿರಿ. "ನಿಮಗೇನೂ ಆಗೋದಿಲ್ಲ ಮೇಡಂ" ಎಂದರು. ದಾವೆ ಎಷ್ಟು ವರ್ಷ ಎಂದು ಕೇಳಿದೆ. ಅವರು ನಕ್ಕರು. ಆಕೆಗಿದ್ದುದು ಒಂದು ವರ್ಷ.

ಇನ್ನೆರಡು ದಿನಕ್ಕೆ ಉತ್ತರದ ಮಾಲೀಕನೇ ನನ್ನ ಆಫೀಸಿಗೆ ಬಂದ. ಆಫೀಸೆಂದರೆ ನಮ್ಮ ಮನೆಯ ಮುಂದಿನ ರೂಮು, ಒಂದೇ ಕಿಟಕಿ. ಅವನು ಕೂತ ಮೇಲೆ ನನಗೆ ಏಳಲು ಜಾಗವಿರಲಿಲ್ಲ. ಹಣ್ಣಿನ ಚೀಲ ಮೇಜಿನ ಮೇಲಿಟ್ಟು ನೇರವಾಗಿ ಹೇಳಿದ. "ಆ ಚೂರು ಟೀಚರಮ್ಮ ಗಾರಿ ಹೆಸರಲ್ಲೇ ಇದೆಯಂತೆ. ನನಗೆ ಬರೆಸಿಕೊಡಿ. ಆಮೇಲೆ ಆ ಹೆಣ್ಣುಮಗಳು ಇನ್ನೂರು ಗಜ ಇಟ್ಟುಕೊಂಡು ಏನು ಮಾಡುತ್ತಾಳೆ, ನಾನೇ ತೆಗೆದುಕೊಳ್ಳುತ್ತೇನೆ. ನನ್ನ ರೆಸಾರ್ಟಿನ ನಕ್ಷೆಯೆಲ್ಲ ನಿಮ್ಮದೇ."

ಮೂವತ್ತು ರೂಮಿನ ಕೆಲಸ. ಒಂದು ಕ್ಷಣ ಲೆಕ್ಕ ಹಾಕಿದೆ, ಸುಳ್ಳು ಹೇಳುವುದಿಲ್ಲ. ಟೀಚರಮ್ಮನ ವಿಜಯವಾಡದ ವಿಳಾಸ ನನಗೆ ಗೊತ್ತಿಲ್ಲ ಎಂದೆ, ಅದು ಸುಳ್ಳು. "ಪರವಾಲೇದು, ಹುಡುಕಿಕೊಳ್ಳುತ್ತೇನೆ" ಎಂದು ಕೈಮುಗಿದು ಹೋದ.

ಆ ದಿನಗಳಲ್ಲಿ ನನಗೆ ಯಾವ ಕಡೆ ತಿರುಗಿದರೂ ಗೋಡೆ. ನಿಜ ಹೇಳಿದರೆ ಲೈಸೆನ್ಸ್ ಹೋಗುತ್ತದೆ. ಹೇಳದಿದ್ದರೆ ಆಕೆ ದಾವೆಯಲ್ಲಿ ಸಿಕ್ಕಿಕೊಳ್ಳುತ್ತಾಳೆ, ಇಲ್ಲವೇ ಆ ಮನುಷ್ಯ ಹೇಳಿದ ಬೆಲೆಗೆ ಸೈಟು ಬಿಟ್ಟುಕೊಡುತ್ತಾಳೆ. ಆಕೆ ದಿನಾ ಫೋನು ಮಾಡುತ್ತಿದ್ದಳು, ನಾನು ಎರಡಕ್ಕೊಂದು ಎತ್ತುತ್ತಿದ್ದೆ. ನನ್ನ ಮಗಳು ತೆಲುಗಿನಲ್ಲಿ, "ಅಮ್ಮಾ, ಎತ್ತು, ಇಲ್ಲಾಂದ್ರೆ ಆಫ್ ಮಾಡು" ಎಂದು ಗದರಿದಳು. ಒಂದು ಬೆಳಿಗ್ಗೆ ಆಕೆ ಫೋನಿನಲ್ಲಿ, "ಸಿದ್ಧಾಂತಿ ಮನಿಗೆ ಹೋಗಿ ಜಗಳಾ ತಗದ್ ಬರ್ತೇನ್ರಿ" ಎಂದಾಗ, ಆ ಮುದುಕರು ನನ್ನ ಪಾಲಿನ ಬೈಗುಳ ತಿನ್ನುವುದು ಕಣ್ಣಿಗೆ ಕಟ್ಟಿತು. ತಡಿ, ನಾನೇ ಬರುತ್ತೇನೆ ಎಂದು ಕ್ವಾರ್ಟರ್ಸಿಗೆ ಹೋದೆ.

ಆಕೆ ಹೊಲಿಗೆ ಮಷೀನಿನ ಮುಂದೆ ಕೂತಿದ್ದಳು. ನಾನು ನಿಂತೇ ಹೇಳಿದೆ. ಸಿದ್ಧಾಂತಿ ಮೋಟುಗೋಡೆ ಸಾಕು ಅಂದಿದ್ದರು, ಬಿಡಿಸಿದವಳು ನಾನು, ಸಿದ್ಧ ನಕ್ಷೆ ಇತ್ತು ಅಂತ, ಸರ್ವೆ ನಕ್ಷೆ ನೋಡಲೇ ಇಲ್ಲ. ಆಕೆ ಬಟ್ಟೆಯನ್ನು ಸೂಜಿಯಿಂದ ಬಿಡಿಸಿ ಪಕ್ಕಕ್ಕಿಟ್ಟಳು.

"ಆ ಗ್ವಾಡಿ ಮುಂದ ನಿಂತ್ಕೊಂಡು ನಾ ನಿಮ್ಮ ಮಾರಿ ನೋಡಾಕತ್ತಿದ್ದೆ" ಎಂದಳು. "ಆವಾಗ ಹೇಳಬೇಕಿತ್ತು. ನಮ್ಮ ಮಂದಿ ಅಂತ ಒಂದೂ ಕಾಗದ ಓದಲಾರದ ಸಹಿ ಮಾಡೇನಿ ನಾನು. ನಮ್ಮನಿಯವರಿಗೆ ಏನಂತ ಹೇಳ್ಲಿ? ಅವರ ಫೋನ್ ಸಿಗೂದ ಹದಿನೈದ ದಿನಕ್ಕೊಮ್ಮೆ."

ವಿಜಯವಾಡಕ್ಕೆ ಹೋಗಿ ಟೀಚರಮ್ಮನ ಕಾಲು ಹಿಡಿದಾದರೂ ಆ ತುಂಡು ನಿನ್ನ ಹೆಸರಿಗೆ ಬರೆಸುತ್ತೇನೆ ಎಂದೆ. "ನೀವೊಬ್ಬರ ಹೋಗೂದ ಬ್ಯಾಡ ಮೇಡಂ, ನಾನೂ ಬರ್ತೇನಿ" ಎಂದಳು. ಅಕ್ಕಾರ ಹೋಗಿ ಮೇಡಂ ಬಂದಿದ್ದನ್ನು ಇಬ್ಬರೂ ಕೇಳಿಸಿಕೊಂಡೆವು.

ಮಾರನೆಯ ಬೆಳಗಿನ ರೈಲು. ಆರು ಗಂಟೆ ಎದುರುಬದುರು ಕೂತಿದ್ದೆವು. ಗೋದಾವರಿ ಸೇತುವೆ ಬಂದಾಗ ಬೋಗಿಯಲ್ಲಿದ್ದವರೆಲ್ಲ ಕಿಟಕಿಗೆ ಮುಗಿಬಿದ್ದು ಕೈಮುಗಿದರು. ಆಕೆ ರೊಟ್ಟಿಯ ಗಂಟು ಬಿಚ್ಚಿ ತಾನು ತಿಂದಳು, ಎರಡು ರೊಟ್ಟಿ ಕಾಗದದ ಮೇಲಿಟ್ಟು ನನ್ನ ಕಡೆ ಸರಿಸಿದಳು, ಮುಖ ಮಾತ್ರ ಕಿಟಕಿಯ ಕಡೆಗೇ ಇತ್ತು.

ಟೀಚರಮ್ಮ ಕಾಲುವೆಯ ಪಕ್ಕದ ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿದ್ದರು. ಮಂಗಳಗಿರಿ ಸೀರೆ, ಕನ್ನಡಕ, ಪಾಠ ಹೇಳುವವರ ನೆಟ್ಟಗಿನ ಬೆನ್ನು. ಮಜ್ಜಿಗೆ ಕೊಟ್ಟು ಪೂರ್ತಿ ಕೇಳಿದರು. ಆ ತುಂಡನ್ನು ಬಿಡಿ ಅಂದವರು ಯಾರು ಎಂದರು. ನಾನೇ ಎಂದೆ.

"ಉತ್ತರದವನು ನಿನ್ನೆ ಫೋನು ಮಾಡಿದ್ದ, ಸೋಮವಾರ ಕಾಗದ ತರುತ್ತಾನಂತೆ. ಅವನಿಗಾದರೆ ಕೊಟ್ಟೇನು, ಅವನು ಅಲ್ಲಿ ಸಂಸಾರ ಮಾಡುವವನಲ್ಲ. ಈ ಮಗುವಿಗೆ ಕೊಡಲಾರೆ."

ನನಗೆ ಅರ್ಥವಾಗಲಿಲ್ಲ. ಅವರು ಮಜ್ಜಿಗೆ ಲೋಟಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತಾ ಹೇಳಿದರು. ಅವರ ತಾಯಿ ಆ ಬಾಲದ ಜಾಗದಲ್ಲೇ ಹೊರಗಿನ ಒಲೆ ಹೂಡಿದ್ದರಂತೆ. ಸಮುದ್ರದ ಗಾಳಿಗೆ ಸೆರಗು ಹಾರಿತು. ಟೀಚರಮ್ಮನಿಗೆ ಆಗ ಒಂಬತ್ತು ವರ್ಷ, ಕೊಡ ಹಿಡಿದು ಬಾವಿಗೆ ಓಡಿದ್ದರು, ತರುವಷ್ಟರಲ್ಲಿ ಮುಗಿದಿತ್ತು. "ಸೈಟು ಮಾರುವಾಗ ಆ ತುಂಡು ಯಾರಿಗೂ ಹೋಗುವುದಿಲ್ಲ ಅಂತ ಗೊತ್ತಾದಾಗ ನನಗೆ ಎಷ್ಟು ಸಮಾಧಾನವಾಯಿತು. ಇವಳ ಗಂಡ ಸಮುದ್ರದ ಮೇಲೆ, ಮನೆಯಲ್ಲಿ ಒಲೆ ಹಚ್ಚುವವಳು ಇವಳೊಬ್ಬಳು. ನನ್ನ ಕೈಯಾರೆ ಅದನ್ನು ಇವಳ ಹೆಸರಿಗೆ ಹೇಗಮ್ಮಾ ಬರೆಯಲಿ?"

ಆಕೆಗೆ ಸಂತೆಯ ತೆಲುಗಷ್ಟೇ ಬರುತ್ತಿತ್ತು. ನನ್ನ ಮೊಣಕೈ ಹಿಡಿದಳು. "ಏನಂದ್ರು, ಪೂರ್ತಿ ಹೇಳ್ರಿ ಮೇಡಂ. ನಡುವ ಏನೂ ಬಿಡಬ್ಯಾಡ್ರಿ."

ಬಿಡದೆ ಹೇಳಿದೆ. ಅವಳ ಕಣ್ಣು ತುಂಬಿತು, ಸಿಟ್ಟಿಗೋ ಮರುಕಕ್ಕೋ ತಿಳಿಯಲಿಲ್ಲ. ಕೊಡುವುದಿಲ್ಲ ಅನ್ನುವವರು ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಈ ಹೆಂಗಸು ಪ್ರೀತಿಯಿಂದ ನಮ್ಮ ಬಾಗಿಲು ಮುಚ್ಚುತ್ತಿದ್ದರು. ವಾಸ್ತು ಗೀಸ್ತು ಎಲ್ಲ ಸುಳ್ಳು ಟೀಚರಮ್ಮಾ ಎನ್ನಲು ನನಗೆ ಬಾಯಿ ಬರಲಿಲ್ಲ.

ಗಾಳಿಗೆಂದು ಬಾಲ್ಕನಿಗೆ ಬಂದೆ. ಕಾಲುವೆಯ ದಂಡೆಯ ರಸ್ತೆಯಲ್ಲಿ ಆಟೋಗಳು ಹೋಗುತ್ತಿದ್ದವು. ಆ ರಸ್ತೆ ಯಾರ ಹೆಸರಿನಲ್ಲಿದೆ ಎಂದು ಸುಮ್ಮನೆ ಯೋಚಿಸಿದೆ. ಆಗ ಮುಳ್ಳು ಕೀಳುತ್ತಾ ಸಿದ್ಧಾಂತಿ ಆಡಿದ ಎರಡನೆಯ ಮಾತು ನೆನಪಾಯಿತು. ಅಲ್ಲಿಂದಲೇ ಅವರಿಗೆ ಫೋನು ಮಾಡಿ, ಒಳಗೆ ಬಂದು, ಸ್ಪೀಕರಿಗೆ ಹಾಕಿ ಟೀಚರಮ್ಮನ ಮುಂದಿಟ್ಟೆ.

"ಸೈಟಾದರೆ ದೋಷ ತಲ್ಲೀ, ಬೀದಿಯಾದರೆ ಶುಭ. ದಕ್ಷಿಣ ಆಗ್ನೇಯದ ಬೀದಿ ಹೆಣ್ಣುಮಕ್ಕಳಿಗೆ ಮೇಲು ಮಾಡುತ್ತದೆ" ಎಂದರು ಸಿದ್ಧಾಂತಿ, ಆವತ್ತೇ ಹೇಳಿದ್ದೆನಲ್ಲ ಎಂಬ ಧಾಟಿಯಲ್ಲಿ.

ಟೀಚರಮ್ಮ ಜೋಡಿಸಿದ ಲೋಟಗಳನ್ನು ತಟ್ಟೆಗೆ ಎತ್ತಿಟ್ಟರು. "ಸುಮ್ಮನೆ ಬೀದಿ ಅಂತ ಕರೆದರೆ ಆಗದು. ಸರ್ಕಾರದ ಬೀದಿಯೇ ಆಗಬೇಕು. ನನ್ನ ಹೆಸರೂ ಇರಬಾರದು, ಇವಳ ಹೆಸರೂ ಇರಬಾರದು. ಹಾಗಾದರೆ ಸಹಿ ಹಾಕುತ್ತೇನೆ."

ಅದಕ್ಕೊಂದು ಕ್ರಮವಿದೆ, ನಾನೇ ಬೇರೆಯವರಿಗೆ ಮಾಡಿಸಿಕೊಟ್ಟಿದ್ದೆ. ಮಾಲೀಕರು ಜಾಗವನ್ನು ರಸ್ತೆಗೆಂದು ನಗರಪಾಲಿಕೆಗೆ ದಾನಪತ್ರ ಬರೆದುಕೊಡುವುದು. ಆದರೆ ಪಾಲಿಕೆ ಬೇಡದ ಚೂರನ್ನೆಲ್ಲ ತೆಗೆದುಕೊಳ್ಳುವುದಿಲ್ಲ. ಹಿಂದಿನ ಸೈಟಿಗೆ ಬೇರೆ ದಾರಿಯೇ ಇಲ್ಲ ಎಂಬುದು ಸಾಬೀತಾಗಬೇಕು. ಸಾಬೀತು ಮಾಡಬೇಕಾದವಳು ನಾನು, ಉತ್ತರಕ್ಕೆ ರಸ್ತೆಯಿದೆ ಎಂದು ಸೀಲು ಒತ್ತಿದವಳೂ ನಾನು. ಆಗ ರಸ್ತೆ ಇತ್ತು, ಈಗ ಮುಚ್ಚಿದರು ಎಂದರೆ ದಾವೆ ಹಾಕಿಕೊಳ್ಳಿ ಅನ್ನುತ್ತಾರೆ. ರಸ್ತೆ ಎಂದೂ ಇರಲಿಲ್ಲ, ನಾನು ಪರಿಶೀಲಿಸದೆ ಬರೆದೆ ಎಂದು ಪ್ರಮಾಣಪತ್ರ ಕೊಟ್ಟರೆ ಮಾತ್ರ ಪಾಲಿಕೆ ದಾನ ಒಪ್ಪುತ್ತದೆ. ಇದನ್ನು ಆಕೆಗೆ ಕನ್ನಡದಲ್ಲಿ ಬಿಡಿಸಿ ಹೇಳಿದೆ.

"ಬರೀತೀರಿ?" ಎಂದಳು.

"ಬರೀತೇನಿ" ಎಂದೆ. ಟೀಚರಮ್ಮನ ಊಟದ ಮೇಜಿನ ಮೇಲೇ ಕರಡು ಬರೆದೆ. ಆಕೆ ಪ್ರತಿ ಸಾಲನ್ನೂ ನನ್ನಿಂದ ಕನ್ನಡದಲ್ಲಿ ಓದಿಸಿದಳು. ಆಮೇಲೆ ಅದೇ ಕಾಗದವನ್ನು ಟೀಚರಮ್ಮನ ಕೈಗೆ ಕೊಟ್ಟು, ತನ್ನ ಸಂತೆಯ ತೆಲುಗಿನಲ್ಲಿ, ಇದರಲ್ಲಿ ಇವರು ಹೇಳಿದ್ದೇ ಇದೆಯಾ ಎಂದು ಕೇಳಿದಳು. ಅವಮಾನವಾಯಿತು. ಆಕೆ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಸೋಮವಾರ ಉತ್ತರದ ಮಾಲೀಕ ವಿಜಯವಾಡಕ್ಕೆ ಹೋದಾಗ ಟೀಚರಮ್ಮ ಮಜ್ಜಿಗೆ ಕೊಟ್ಟು ಕಳಿಸಿದರಂತೆ. ಅದೇ ಸೋಮವಾರ ನಾನು ನೋಟಿಸಿಗೆ ಉತ್ತರ, ಪ್ರಮಾಣಪತ್ರ, ಸರ್ವೆ ನಕ್ಷೆ, ಬಾಲದ ಅಳತೆ ಎಲ್ಲವನ್ನೂ ಒಟ್ಟಿಗೆ ಸಲ್ಲಿಸಿದೆ. ಆಮೇಲಿನದು ಬರೀ ಓಡಾಟ. ಸರ್ವೆಯವರು ಒಮ್ಮೆ ಬಂದು ಕಲ್ಲು ಸಿಗದೆ ವಾಪಸು ಹೋದರು. ಮುಳ್ಳು ಕಡಿಸಿ, ಹೆಂಚು ತೆಗೆಸಿ, ಮೂಲೆಗಲ್ಲು ಹುಡುಕಿ ಮತ್ತೆ ಕರೆಸಿದೆ. ಹೆಂಚಿನ ಕೆಳಗೆ ಒಲೆಯ ಮೂರು ಕಲ್ಲು ಕಪ್ಪಗೆ ಸಿಕ್ಕವು. ಅವನ್ನು ಏನು ಮಾಡಬೇಕೆಂದು ತಿಳಿಯದೆ ಟೀಚರಮ್ಮನಿಗೆ ಫೋನು ಮಾಡಿದೆ. "ಸಮುದ್ರಕ್ಕೆ ಬಿಡಮ್ಮಾ" ಎಂದರು. ಆಕೆಯೂ ನಾನೂ ಒಂದೊಂದಾಗಿ ಹೊತ್ತುಕೊಂಡು ಹೋಗಿ ಬಿಟ್ಟುಬಂದೆವು. ಪಾಲಿಕೆಯ ಒಪ್ಪಿಗೆ ಬರಲು ಹತ್ತು ವಾರ ಹಿಡಿಯಿತು. ಟೀಚರಮ್ಮ ವಿಜಯವಾಡದಲ್ಲೇ ದಾನಪತ್ರಕ್ಕೆ ಸಹಿ ಹಾಕಿದರು. ಆ ವಾರವೇ ನನ್ನ ಆದೇಶವೂ ಬಂತು. ಒಂದು ವರ್ಷ ಲೈಸೆನ್ಸ್ ಅಮಾನತು.

ಆಕೆಯ ಮನೆಯ ನಕ್ಷೆಯನ್ನು ನಾನೇ ಹೊಸದಾಗಿ ಎಳೆದೆ, ದಕ್ಷಿಣದ ಬಾಗಿಲಿಟ್ಟು, ಸಿದ್ಧ ನಕ್ಷೆಯ ಒಂದು ಗೆರೆಯನ್ನೂ ಉಳಿಸದೆ. ಸಹಿ ಬೇರೆ ಎಂಜಿನಿಯರದು. ಗಂಡ ರಜೆಯ ಮೇಲೆ ಹಡಗಿನಿಂದ ಇಳಿದ ವಾರ ಪಾಯದ ಪೂಜೆ ಇಟ್ಟುಕೊಂಡರು. ನನ್ನನ್ನು ಕರೆದವನು ಅವನು. ಹೋಗಲೋ ಬೇಡವೋ ಎಂದು ಎರಡು ದಿನ ಒದ್ದಾಡಿ ಹೋದೆ.

ಓಣಿಯಿಂದ ಮೇಲಕ್ಕೆ ಹನ್ನೆರಡಡಿಯ ಹೊಸ ಬೀದಿ, ಇನ್ನೂ ಕೆಮ್ಮಣ್ಣು. ಜಲ್ಲಿ ತುಂಬಿದ ಟ್ರಾಕ್ಟರು ಅದರ ಮೇಲೇ ಹತ್ತಿ ಬಂತು. ಪೂಜೆ ಮುಗಿದು ಎಲ್ಲರೂ ಪುಳಿಹೊರ ತಿನ್ನುತ್ತಿದ್ದಾಗ ಆಕೆ ಕೈ ತೊಳೆದುಕೊಂಡು ನನ್ನ ಹತ್ತಿರ ಬಂದಳು. "ಟೇಪ್ ತಂದೀರೇನ್ರಿ ಮೇಡಂ?" ಎಂದಳು. ಟೇಪು ಯಾವತ್ತೂ ನನ್ನ ಚೀಲದಲ್ಲಿರುತ್ತದೆ. "ಬೀದಿ ಒಮ್ಮೆ ಅಳೀರಿ, ನನ್ನ ಮುಂದ."

ಆಕೆ ಒಂದು ತುದಿ ಹಿಡಿದು ಗೋಡೆಗೆ ಒತ್ತಿದಳು. ನಾನು ಇನ್ನೊಂದು ತುದಿಗೆ ಹೋಗಿ, ಬಿಗಿ ಎಳೆದು, ಕಲ್ಲಿಗೆ ಹಚ್ಚಿ, ಹನ್ನೆರಡು ಅಡಿ ಎಂದೆ. ಆಕೆ ತನ್ನ ತುದಿಯನ್ನು ಗಂಡನ ಕೈಗೆ ಕೊಟ್ಟು, ಟೇಪಿನ ಉದ್ದಕ್ಕೂ ನಡೆದು ಬಂದು, ನನ್ನ ಹೆಬ್ಬೆರಳನ್ನು ಸರಿಸಿ, ಬಗ್ಗಿ ಅಂಕಿಯನ್ನು ತಾನೇ ಓದಿದಳು.

"ಹೂಂ, ಸರಿ ಅದ" ಎಂದಳು.